ನನ್ನ ಕಡೆ ಹಾಕಿತ್ತು

ನವೆಂಬರ್ ೨೧, ಭಾನುವಾರ
ಗಾಡಿಯ ಶೆಡ್ಡಿನಿಂದ

ಇವರಿಗೆ,

‘ಪ್ರೀತಿಯ’ ಎಂದು ಶುರುಮಾಡಿ ಒಂದು ಹಾಳೆ ಹರಿದುಹಾಕಿದೆ. ಕೊನೆಗೆ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ನಾಲ್ಕು ಜನರ ಮುಂದೆ ನಿಮ್ಮನ್ನು ಏನೆಂದು ಕರೆಯುತ್ತಿದ್ದೆನೋ ಅದನ್ನೇ ಬರೆದಿದ್ದೇನೆ. ಇವರು ಇನ್ನೂ ಊಟ ಮಾಡಿಲ್ಲ, ಇವರು ಗಾಡಿ ಕೆಳಗಿದ್ದಾರೆ, ಇವರು ಊರಲ್ಲಿಲ್ಲ. ಕೊನೆಯದನ್ನು ಹೇಳಿ ಹೇಳಿ ಈಗ ನಾಲಿಗೆಗೆ ರೂಢಿಯಾಗಿದೆ.

ನಿಮ್ಮ ಕಾಗದ ಬಂತು. ನಿಮ್ಮ ಬಂದರಿನ ಗೋದಾಮಿನ ಚೀಟಿಯ ಹಿಂಭಾಗದಲ್ಲಿ ಎರಡು ಸಾಲು. ಗಾಡಿ ಮಾರಿಬಿಡು, ಯಾರು ಕೇಳಿದರೂ ಕೊಟ್ಟುಬಿಡು, ಅದರ ಮುಖ ನೋಡಲು ನನಗೆ ಇಷ್ಟವಿಲ್ಲ, ಎಂದು. ನಾನು ಸತ್ತಿದ್ದೇನೋ ಬದುಕಿದ್ದೇನೋ ಎಂದು ಒಂದು ಮಾತು ಕೇಳಿಲ್ಲ. ಇರಲಿ ಬಿಡಿ, ಸತ್ತಿದ್ದರೆ ಗಾಡಿ ಮಾರುವವರು ಯಾರು, ಹಾಗಾಗಿ ಬದುಕಿದ್ದೇನೆ ಎಂದೇ ತಿಳಿದಿರುತ್ತೀರಿ.

ಗಾಡಿ ಮಾರಲಿಲ್ಲ. ಮಾರಲು ಹೋದೆ, ಆಗಲಿಲ್ಲ. ಯಾಕೆ ಆಗಲಿಲ್ಲ ಎನ್ನುವುದನ್ನು ನಿಮ್ಮ ಹಾಗೆ ಎರಡು ಸಾಲಿನಲ್ಲಿ ಮುಗಿಸಲು ನನಗೆ ಬರುವುದಿಲ್ಲ. ಲೋಡು ಇಳಿಸುವ ಗಡಿಬಿಡಿಯಲ್ಲಿ ನಿಂತುಕೊಂಡು ಓದಬೇಡಿ. ಕೋಣೆಗೆ ಹೋಗಿ, ಕೈ ತೊಳೆದುಕೊಂಡು, ಕೂತು ಓದಿ.

ಆ ಹಳೇ ಜೀಪನ್ನು ಕೊಂಡ ದಿನ ನೆನಪಿದೆಯೇ? ಸರ್ವೆ ಆಫೀಸಿನ ಹಿಂದಿನ ಅಂಗಳದಲ್ಲಿ, ಕೆಟ್ಟ ರೋಡ್ ರೋಲರಿನ ಪಕ್ಕ, ತಪ್ಪು ಮಾಡಿದ ಮಗುವನ್ನು ನಿಲ್ಲಿಸಿದ ಹಾಗೆ ಮುಖ ಗೋಡೆಗೆ ಮಾಡಿ ನಿಲ್ಲಿಸಿದ್ದರು. ಹಿಂದಿನ ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು. ಮೀಟರು ತನ್ನ ಅಂಕಿಗಳನ್ನೆಲ್ಲ ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಯಿಂದ ಎಣಿಸಲು ಶುರುಮಾಡಿತ್ತು. ಅಲ್ಲಿನ ಗುಮಾಸ್ತ ಅದನ್ನು ಮುಚ್ಚಿಡಲೂ ಇಲ್ಲ, ಇದು ಎರಡನೇ ಸುತ್ತೋ ಮೂರನೇ ಸುತ್ತೋ ತನಗೂ ಗೊತ್ತಿಲ್ಲ ಎಂದ. ನೀವು ನನ್ನ ಕಡೆ ತಿರುಗಿ, ಮೀಟರ್ ನೋಡು, ಹೊಸ ಗಾಡಿ ಕಣೇ ಇದು, ಎಂದಿರಿ. ನನಗೆ ನಗು ತಡೆಯಲಾಗಲಿಲ್ಲ. ಆ ನಗುವನ್ನೇ ನೀವು ಒಪ್ಪಿಗೆ ಎಂದು ತಿಳಿದಿರಿ.

ಮನೆಗೆ ತಂದಾಗ ಅತ್ತೆ ಅದರ ಸುತ್ತ ನಿಧಾನವಾಗಿ ನಡೆದು ಬಂದರು. ಬಾಗಿಲ ಕೆಳಗಿನ ತಗಡನ್ನು ಬೆರಳಿನಿಂದ ಒತ್ತಿ ನೋಡಿದರು. ಬೆರಳು ಆಚೆ ಬಂತು. ಅದನ್ನು ಒರೆಸಿಕೊಳ್ಳುತ್ತಾ, ಇದಕ್ಕಿಂತ ನನ್ನ ಮೊಣಕಾಲೇ ವಾಸಿ, ಎಂದರು. ಮುದುಕಪ್ಪ ಎಂದು ಹೆಸರಿಟ್ಟವರೂ ಅವರೇ. ಮುದುಕಪ್ಪನಿಗೆ ಎಣ್ಣೆ ಆಗಿದ್ದರೆ ನನಗೂ ಒಂದು ಲೋಟ ಚಹಾ ಆಗಬಹುದೇನೋ, ಎಂದು ಒಳಗಿನಿಂದ ಕೂಗುತ್ತಿದ್ದರಲ್ಲ, ಆ ಕೂಗು ಈಗಲೂ ಸಂಜೆಯ ಹೊತ್ತು ಕಿವಿಗೆ ಬಿದ್ದಂತಾಗುತ್ತದೆ. ಬೈಗುಳವಾದರೂ ಸರಿ, ಕೇಳಬೇಕು ಅನ್ನಿಸುತ್ತದೆ.

ಮುದುಕಪ್ಪನನ್ನು ನಾವು ಸಾಕಿದ್ದು ಸುಲಭದಲ್ಲಿ ಅಲ್ಲ. ಆಸ್ಪತ್ರೆ, ಅಂಚೆ, ಬಸ್ಸು ಎಲ್ಲ ಹೊಳೆಯ ಆಚೆ, ನಾವೂ ಕಲ್ಲುಗಣಿಯ ಲೈನ್ ಮನೆಗಳೂ ಈಚೆ. ರೇಷನ್ ಮೂಟೆ, ಗ್ಯಾಸ್ ಸಿಲಿಂಡರು, ಶಾಲೆಯ ಟೀಚರಮ್ಮ, ಲಸಿಕೆಯ ಡಬ್ಬಿ ಹಿಡಿದ ನರ್ಸು, ಹೊಳೆ ದಾಟಿ ಈ ಏರು ಹತ್ತಬೇಕಾದವರೆಲ್ಲ ನಮ್ಮ ಗಾಡಿಗೇ ಕಾಯಬೇಕು. ವಾರವೆಲ್ಲ ಅದು ದುಡಿಯುವುದು, ಭಾನುವಾರ ನಾವಿಬ್ಬರೂ ಅದರ ಕೆಳಗೆ ಮಲಗುವುದು. ಸ್ಪ್ರಿಂಗ್ ಪಟ್ಟಿ ಮುರಿದರೆ ನೀವು ಲಾರಿಯ ಹಳೇ ಪಟ್ಟಿ ಕತ್ತರಿಸಿ ಕೂರಿಸುತ್ತಿದ್ದಿರಿ. ವೈರು, ಬ್ರೇಕು, ಡೀಸೆಲ್ ಫಿಲ್ಟರು ನನ್ನ ಪಾಲಿಗೆ. ಒಂದು ಸರಿಮಾಡಿದರೆ ಇನ್ನೊಂದು ಕೈಕೊಡುವುದು. ಆದರೂ ಒಂದು ಮಾತು ಹೇಳುತ್ತೇನೆ, ಆ ಗಾಡಿಯ ಕೆಳಗೆ ಮಲಗಿ ನಾವು ಆಡಿದಷ್ಟು ಮಾತು ಮನೆಯೊಳಗೆ ಆಡಿದ್ದಿಲ್ಲ.

ಮುಂದಿನದು ನಿಮಗೆ ಗೊತ್ತಿರುವುದೇ. ಮೊನ್ನೆ ಗಾಡಿ ನೋಡಲು ಬಂದವನಿಗೆ ಮೊದಲಿನಿಂದ ಬಿಡಿಸಿ ಹೇಳಬೇಕಾಯಿತು, ಹೇಳುತ್ತಾ ಹೇಳುತ್ತಾ ನನಗೇ ಹೊಸದಾಗಿ ಕೇಳಿಸಿತು, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕೂ ಚಕ್ರ ಎಳೆಯಬೇಕಾದರೆ ಒಳಗೆ ಕೂತು ಲಿವರ್ ಹಾಕಿದರೆ ಸಾಲದು. ಕೆಳಗಿಳಿದು ಮುಂದಿನ ಎರಡು ಚಕ್ರಗಳಲ್ಲಿ ಒಂದೊಂದರ ನಡುಮಧ್ಯದಲ್ಲೂ ಇರುವ ಹಬ್ಬಿನ ಬಿಲ್ಲೆಯನ್ನು ಕೈಯಿಂದ ಲಾಕಿಗೆ ತಿರುಗಿಸಬೇಕು. ಆಗ ಒಳಗಿನ ಹಲ್ಲಿನ ಬಳೆ ಸರಿದು ಚಕ್ರವನ್ನೂ ಆಕ್ಸಲನ್ನೂ ಒಂದಕ್ಕೊಂದು ಕಚ್ಚಿಸುತ್ತದೆ. ಎರಡೂ ಕಡೆ ಕಚ್ಚಲೇಬೇಕು. ಒಂದು ಕಡೆ ಬಿಟ್ಟುಹೋದರೆ ಮುಂದಿನ ಶಕ್ತಿಯೆಲ್ಲ ಆ ಕಡೆಯಲ್ಲೇ ಸುಮ್ಮನೆ ತಿರುಗಿ ಪೋಲಾಗುತ್ತದೆ, ಇನ್ನೊಂದು ಕಡೆ ಎಷ್ಟು ಭದ್ರವಾಗಿ ಲಾಕ್ ಆಗಿದ್ದರೂ ದಂಡ. ಊಟಕ್ಕೆ ಕೂತಾಗ ನೀವು ಇದನ್ನು ಅದೆಷ್ಟು ಸಲ ಹೇಳಿದ್ದಿರೋ. ಅತ್ತೆಗೂ ಬಾಯಿಪಾಠವಾಗಿತ್ತು.

ಹೊಳೆ ಬಂತೆಂದರೆ ಬಲಗಡೆಯಿಂದ ನೀವು ಇಳಿಯುವುದು, ಎಡಗಡೆಯಿಂದ ನಾನು. ಬಾನೆಟ್ಟಿನ ಆಚೆಯಿಂದ ನೀವು “ಆಯ್ತಾ?” ಎನ್ನುವುದು, ಈಚೆಯಿಂದ ನಾನು “ಆಯ್ತು” ಎನ್ನುವುದು. ನಿಮ್ಮ ಕಡೆಯದನ್ನು ನಾನು ನೋಡುತ್ತಿರಲಿಲ್ಲ, ನನ್ನದನ್ನು ನೀವು ನೋಡುತ್ತಿರಲಿಲ್ಲ. ರಿಪೇರಿಯೂ ಹಾಗೆಯೇ. ಬಲಗಡೆ ಹಬ್ಬು ಬಿಚ್ಚಿ ಗ್ರೀಸ್ ಹಾಕುವುದು ನಿಮ್ಮ ಕೆಲಸ, ಎಡಗಡೆಯದು ನನ್ನದು. ಗಂಡ ಹೆಂಡತಿ ಒಂದು ಗಾಡಿಯನ್ನು ಹೀಗೆ ಅರ್ಧ ಅರ್ಧ ಹಂಚಿಕೊಂಡಿರುವುದನ್ನು ಎಲ್ಲೂ ನೋಡಿಲ್ಲ ಎಂದು ಗಣಿಯ ಫಿಟ್ಟರು ನಗುತ್ತಿದ್ದ.

ಗ್ರೀಸಿನ ವಿಷಯಕ್ಕೆ ನಮ್ಮಿಬ್ಬರಿಗೂ ಯಾವತ್ತೂ ಹೊಂದಲಿಲ್ಲ. ನೀವು ಗಣಿಯ ಯಂತ್ರಗಳಲ್ಲಿ ಪಳಗಿದವರು. ಅಲ್ಲಿ ಗ್ರೀಸ್ ಹೊರಗೆ ಉಕ್ಕಿ ಬಂದರೇ ಹಾಕಿದ ಹಾಗೆ. ನಾನು ಹೊಲಿಗೆ ಮಷೀನ್ ರಿಪೇರಿ ಮಾಡುವವನ ಮಗಳು, ನಮ್ಮಪ್ಪ ಎಣ್ಣೆಯನ್ನು ಸೂಜಿಯ ತುದಿಯಿಂದ ಮುಟ್ಟಿಸಿದವನು. ನಾನು ಎಡಗಡೆಗೆ ತೆಳ್ಳಗೆ ಸವರಿ ಮುಚ್ಚಿದರೆ ನೀವು ಬಗ್ಗಿ ನೋಡಿ, ಜಿಪುಣಿ, ಕಬ್ಬಿಣಕ್ಕೂ ಹೊಟ್ಟೆ ತುಂಬ ಹಾಕಲ್ಲ, ಎಂದು ಕಿಚಾಯಿಸುತ್ತಿದ್ದಿರಿ. ಹೋದ ವರ್ಷ ಚಳಿ ಶುರುವಾಗುವ ಮುಂಚೆ, ಅಮ್ಮನಿಗೆ ಉಸಿರಾಟದ ತೊಂದರೆ ಇದೆ, ಯಾವ ಹೊತ್ತಿನಲ್ಲಿ ಹೊಳೆ ದಾಟಬೇಕಾಗುತ್ತೋ, ಈ ಸಲ ಚೆನ್ನಾಗಿ ಹಾಕಿಬಿಡ್ತೀನಿ, ಎಂದು ಹೊಸ ಡಬ್ಬಿಯನ್ನೇ ಒಡೆದು ಕೂತಿರಿ. ನಾನು ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದೆ. ನಿಮ್ಮ ಮೊಣಕೈವರೆಗೂ ಗ್ರೀಸ್ ಇತ್ತು. ಸುಖವಾಗಿ ಶಿಳ್ಳೆ ಹಾಕುತ್ತಿದ್ದಿರಿ.

ಅತ್ತೆಗೂ ನನಗೂ ಮಾತು ನಿಂತದ್ದೂ ಆ ದಿನಗಳಲ್ಲೇ. ಬೇರೆ ಜಾಗವಿಲ್ಲವೆಂದು ಹಳೇ ಗೇರ್‌ಬಾಕ್ಸನ್ನು ಅವರ ಮಂಚದ ಕೆಳಗೆ ತಳ್ಳಿದ್ದೆ. ಅದು ಸೋರಿ ಅವರ ಟ್ರಂಕಿನೊಳಗೆ ಇಳಿದು, ಮಾವ ತಂದುಕೊಟ್ಟಿದ್ದ ಶಾಲು ಹಾಳಾಯಿತು. ತೊಳೆದುಕೊಡುತ್ತೇನೆ ಎಂದೆ. ಇದರಲ್ಲಿ ತೊಳೆಯುವಂಥದ್ದು ಏನೂ ಉಳಿದಿಲ್ಲ, ಎಂದರು. ನನಗೂ ಸಿಟ್ಟು ನೆತ್ತಿಗೇರಿತು, ಇಡೀ ಮನೆಯೇ ಗ್ಯಾರೇಜ್ ಆಗಿರುವಾಗ ನಿಮ್ಮ ಶಾಲೊಂದೇನು ದೊಡ್ಡದು, ಎಂದುಬಿಟ್ಟೆ. ಅಲ್ಲಿಂದ ಮುಂದೆ ನೀವೇ ನಮ್ಮಿಬ್ಬರ ಅಂಚೆಯವರು. ಅವಳಿಗೆ ಹೇಳು ಎಂದು ಅವರು, ಅಮ್ಮನಿಗೆ ಹೇಳಿ ಎಂದು ನಾನು. ನೀವೂ ಪಾಪ, ಒಂದೇ ಕೋಣೆಯಲ್ಲಿ ಕೂತಿರುವ ಇಬ್ಬರ ಮಧ್ಯೆ ಮಾತು ಹೊತ್ತು ಸಾಕಾಗಿ ಹೋಗಿದ್ದಿರಿ.

ಇನ್ನು ಆ ದಿನದ್ದು. ಬರೆಯದೆ ವಿಧಿಯಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಅತ್ತೆಗೆ ಉಸಿರು ಕಟ್ಟಿತು. ಅಂಗಳದ ಬಕೆಟ್ಟಿನ ನೀರಿನ ಮೇಲೆ ಕೆನೆಯ ಹಾಗೆ ಹಿಮ ಕಟ್ಟಿತ್ತು. ಅವರನ್ನು ಕಂಬಳಿಯಲ್ಲಿ ಸುತ್ತಿ ಮುಂದಿನ ಸೀಟಿನಲ್ಲಿ, ಎಡಗಡೆ ಕಿಟಕಿಗೆ ಒರಗಿಸಿ ಕೂರಿಸಿದಿರಿ. ನಾನು ಹಿಂದೆ ಕೂತೆ. ಹೊಳೆಯ ದಡದಲ್ಲಿ ಇಬ್ಬರೂ ಇಳಿದೆವು. ಬಿಲ್ಲೆ ಮುಟ್ಟಿದರೆ ಬೆರಳು ಅಂಟಿಕೊಳ್ಳುವಷ್ಟು ತಣ್ಣಗಿತ್ತು. “ಆಯ್ತಾ?” ಎಂದಿರಿ. “ಆಯ್ತು” ಎಂದೆ. ಹೊಳೆಯ ಅರ್ಧಕ್ಕೆ ಹೋಗುವಷ್ಟರಲ್ಲಿ ಹಿಂದಿನ ಚಕ್ರಗಳು ಮರಳು ತೋಡಿಕೊಂಡು ಕೆಳಗಿಳಿದವು. ಮುಂದಿನವು ಎಳೆಯಲಿಲ್ಲ. ನೀವು ಆಕ್ಸಿಲೇಟರ್ ಒತ್ತಿದಷ್ಟೂ ಗಾಡಿ ಎಡಕ್ಕೆ ವಾಲಿ ಹೂತುಕೊಂಡಿತು.

ನೀವು ನೀರಿಗಿಳಿದು ನಿಮ್ಮ ಕಡೆಯ ಬಿಲ್ಲೆ ತಡಕಿ ನೋಡಿದಿರಿ, ಲಾಕಿನಲ್ಲೇ ಇತ್ತು. ನನ್ನ ಕಡೆಯದು ಅಷ್ಟರಲ್ಲಿ ಮರಳಿನೊಳಗೆ ಹೋಗಿತ್ತು. ನೀನು ಹಾಕಿದ್ದೀಯಾ, ಎಂದು ಕೇಳಿದಿರಿ. ಹಾಕಿದ್ದೀನಿ, ಎಂದೆ. ನೀವು ನನ್ನ ಮುಖವನ್ನೊಮ್ಮೆ ನೋಡಿ, ಗಣಿಯ ಟ್ರ್ಯಾಕ್ಟರ್ ತರಲು ವಾಪಸ್ ಏರು ಹತ್ತಿ ಓಡಿದಿರಿ. ಹದಿನೇಳು ವರ್ಷದ ಸಂಸಾರದಲ್ಲಿ ನೀವು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

ನೀವು ಬರುವವರೆಗೆ ಗಾಡಿಯೊಳಗೆ ನಾವಿಬ್ಬರೇ. ಆಗ ಏನಾಯಿತು ಎಂದು ನೀವು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೆಲಕ್ಕೆ ನೀರು ಬಂದಿತ್ತು. ಅವರ ಕಾಲೆರಡನ್ನೂ ನನ್ನ ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತಾ ಕೂತೆ. ಬಿಸಿಯಾಗಲೇ ಇಲ್ಲ. ಸದ್ಯಕ್ಕೆ ಇಷ್ಟು ಸಾಕು.

ಟ್ರ್ಯಾಕ್ಟರಿನವನು ಬಂದವನೇ ಎಳೆಯಲು ಸುಲಭವಾಗಲಿ ಎಂದು ಮರಳು ಬಗೆದು ಎರಡೂ ಕಡೆಯ ಬಿಲ್ಲೆಯನ್ನು ಲಾಕಿನಿಂದ ಬಿಡಿಸಿ ಫ್ರೀ ಮಾಡಿದ. ಎಡಗಡೆಯದು ಲಾಕಿನಲ್ಲಿತ್ತೋ ಇಲ್ಲವೋ ಗಮನಿಸಿದೆಯಾ ಎಂದು ಆಮೇಲೆ ನಾನೇ ಅವನನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಮರಗಟ್ಟಿದ ಕೈಗೆ ಏನು ಗೊತ್ತಾಗುತ್ತೆ ಅಕ್ಕಾ, ಸಿಕ್ಕಿದ ಕಡೆ ತಿರುಗಿಸಿದೆ, ಎಂದ. ಅಲ್ಲಿಗೆ ನನ್ನ ಪರವಾಗಿ ಹೇಳುವ ಒಂದು ಬಾಯಿಯೂ ಮುಚ್ಚಿತು.

ಆಸ್ಪತ್ರೆಯಲ್ಲಿ ಡಾಕ್ಟರು ಇನ್ನೂ ಸ್ವಲ್ಪ ಮುಂಚೆ ತರಬೇಕಿತ್ತು ಎಂದರು. ಎಲ್ಲರಿಗೂ ಹೇಳುವ ಮಾತನ್ನೇ ನಮಗೂ ಹೇಳಿದ್ದಿರಬಹುದು. ಸಂಜೆ ಅತ್ತೆ ಹೋದರು. ಕಾರಿಡಾರಿನ ಬೆಂಚಿನ ಮೇಲೆ ನಾವಿಬ್ಬರೂ ಒದ್ದೆ ಬಟ್ಟೆಯಲ್ಲೇ ಕೂತಿದ್ದೆವು. ನಾನು ನಿಮ್ಮ ಕೈ ಹಿಡಿಯಲು ಬಂದೆ. ನೀವು ಕೈ ಎಳೆದುಕೊಂಡು, ಎದುರಿನ ಗೋಡೆ ನೋಡುತ್ತಾ, “ನನ್ನ ಕಡೆ ಹಾಕಿತ್ತು” ಎಂದಿರಿ.

ಅಷ್ಟೇ ಮಾತು. ಬೈಯಲಿಲ್ಲ, ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗುತ್ತಿದ್ದೆ. ಎಲ್ಲ ಮುಗಿಸಿ ನೆಂಟರು ಹೊರಟ ಮೇಲೆ ಬಂದರಿನ ಗೋದಾಮಿನಲ್ಲಿ ಲಾರಿ ಓಡಿಸುವ ಕೆಲಸ ಇದೆಯಂತೆ ಎಂದು ಚೀಲ ತುಂಬಿಕೊಂಡಿರಿ. ನಾನು ಬಾಗಿಲಲ್ಲಿ ನಿಂತಿದ್ದೆ. ನಾನು ಬೇಕೆಂದೇ ಹಾಕಲಿಲ್ಲ ಎಂದು ನಿಮ್ಮ ತಲೆಯಲ್ಲಿ ಹೊಕ್ಕಿತ್ತೋ, ಅತ್ತೆಯ ಮೇಲಿನ ಸಿಟ್ಟಿನಲ್ಲಿ ಅಸಡ್ಡೆ ಮಾಡಿದೆ ಎಂದು ಹೊಕ್ಕಿತ್ತೋ, ಅದನ್ನಾದರೂ ಬಾಯಿಬಿಟ್ಟು ಹೇಳಿ ಹೋಗಬಹುದಿತ್ತು.

ನೀವು ಹೇಳದೆ ಬಿಟ್ಟದ್ದನ್ನು ಊರು ಹೇಳಿತು. ಅತ್ತೆ ಸೊಸೆಗೆ ಮಾತಿರಲಿಲ್ಲವಂತೆ, ಹೊಳೆ ಹತ್ತಿರ ಇಳಿದಳಂತೆ, ಬಿಲ್ಲೆ ಮುಟ್ಟದೆ ಸುಮ್ಮನೆ ಕೂತು ಎದ್ದಳಂತೆ. ಅಂಗಡಿಗೆ ನಾನು ಕಾಲಿಟ್ಟರೆ ಮಾತು ನಿಂತುಹೋಗುತ್ತಿತ್ತು. ನಿಮ್ಮ ಅಕ್ಕ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಹೋದರು. ಇಷ್ಟೆಲ್ಲ ಆದರೂ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಬಾಯಿ ಎಂಥದ್ದು ಎಂದು ನಿಮಗೆ ಗೊತ್ತು, ಅದನ್ನು ಮುಚ್ಚಿಕೊಂಡಿರಲು ನನಗೆಷ್ಟು ಕಷ್ಟವಾಗಿರಬೇಕು ಲೆಕ್ಕ ಹಾಕಿ.

ಹೋದ ಚಳಿಗಾಲ ಪೂರ್ತಿ ಗಾಡಿಯನ್ನು ಶೆಡ್ಡಿನಿಂದ ಹೊರಗೆ ತೆಗೆಯಲಿಲ್ಲ. ಬಿಸಿಲು ಬಲಿತ ಮೇಲೆ, ನರ್ಸಮ್ಮ ಬಂದು ಲಸಿಕೆ ಕೆಡುತ್ತೆ ಎಂದು ಕೂತುಬಿಟ್ಟಾಗ, ಗತ್ಯಂತರವಿಲ್ಲದೆ ಓಡಿಸಲು ಶುರುಮಾಡಿದೆ. ಬಲಗಡೆ ನಾನೇ ಇಳಿಯಬೇಕು, ಸುತ್ತಿಕೊಂಡು ಬಂದು ಎಡಗಡೆಯೂ ನಾನೇ. ಆಯ್ತಾ ಎಂದು ಕೇಳುವವರಿಲ್ಲ. ಬೇಸಿಗೆಯೆಲ್ಲ ಗಾಡಿ ಒಂದು ತಕರಾರೂ ಇಲ್ಲದೆ ಹೊಳೆ ದಾಟಿತು, ನಾಲ್ಕೂ ಚಕ್ರ ಎಳೆದವು. ಪ್ರತಿ ಸಲ ದಾಟಿದಾಗಲೂ, ಗಾಡಿ ಸರಿಯಾಗಿದೆ ಎಂದಮೇಲೆ ತಪ್ಪಿದ್ದು ಇನ್ನಾರು, ಎಂದು ಊರು ಕೇಳುವ ಪ್ರಶ್ನೆಯನ್ನು ಗಾಡಿಯೂ ಕೇಳಿದ ಹಾಗಾಗುತ್ತಿತ್ತು.

ನಿಮ್ಮ ಎರಡು ಸಾಲು ಬಂದ ಮೇಲೆ ಗುಡ್ಡದಾಚೆ ಜೇನು ಸಾಕುವವನಿಗೆ ಹೇಳಿ ಕಳಿಸಿದೆ. ಪೆಟ್ಟಿಗೆ ಸಾಗಿಸಲು ಅವನು ಬಹಳ ದಿನದಿಂದ ಗಾಡಿ ಹುಡುಕುತ್ತಿದ್ದ. ಮೊನ್ನೆ ಬೆಳಗ್ಗೆಯೇ ಬಂದ. ಈ ವರ್ಷದ ಮೊದಲ ಗಟ್ಟಿ ಚಳಿ, ಬಕೆಟ್ಟಿನ ಮೇಲೆ ಮತ್ತೆ ಆ ಕೆನೆ. ಓಡಿಸಿ ತೋರಿಸು ಎಂದ. ಹೊಳೆಯ ದಡಕ್ಕೆ ಹೋಗಿ ಅವನ ಕಣ್ಣೆದುರೇ ಎರಡೂ ಕಡೆ ಬಿಲ್ಲೆ ತಿರುಗಿಸಿದೆ, ಅವನೂ ಮುಟ್ಟಿ ನೋಡಿದ. ಲಿವರ್ ಹಾಕಿ ಮರಳಿಗೆ ಇಳಿಸಿದೆ. ಹಿಂದಿನ ಚಕ್ರಗಳು ಮರಳು ಹಾರಿಸಿದವು. ಮುಂದಿನವು ಸುಮ್ಮನಿದ್ದವು. ಅಕ್ಕಾ, ಇದು ಫೋರ್ ವೀಲ್ ಅಲ್ಲ, ಎರಡು ಚಕ್ರ ಬರೀ ಶೋಕಿಗೆ, ಎಂದು ನಗುತ್ತಾ ಅವನು ಇಳಿದು ಹೋದ.

ಅದೇ ಹೊಳೆ, ಅದೇ ಚಳಿ, ಎರಡೂ ಕಡೆ ಹಾಕಿದ್ದು ನಾನೇ, ಸಾಕ್ಷಿಗೆ ಜೇನಿನವನು ಬೇರೆ. ಹೇಗೋ ಹಿಂದಕ್ಕೆ ತೆಗೆದು ಗಾಡಿಯನ್ನು ಶೆಡ್ಡಿಗೆ ತಂದು ನಿಲ್ಲಿಸಿ, ಚಹಾ ಕೂಡ ಕುಡಿಯದೆ ಸ್ಪ್ಯಾನರ್ ಹಿಡಿದು ಕೂತೆ.

ಮೊದಲು ನನ್ನದನ್ನೇ ಬಿಚ್ಚಿದೆ. ನೀವು ನನ್ನ ಮುಖ ನೋಡಿದ ರೀತಿ ಒಂದು ವರ್ಷ ನನ್ನನ್ನು ತಿಂದಿತ್ತಲ್ಲ, ನನ್ನ ಕೈಯ ಮೇಲೆ ನನಗೇ ಅನುಮಾನ ಬಂದುಬಿಟ್ಟಿತ್ತು. ಎಡಗಡೆ ಒಳಗೆಲ್ಲ ಶುದ್ಧವಾಗಿತ್ತು. ಬೆರಳಿನಿಂದ ಬಿಲ್ಲೆ ತಿರುಗಿಸಿದರೆ ಬಳೆ ಟಕ್ಕೆಂದು ಸರಿದು ಕೂರುವುದು, ವಾಪಸ್ ತಿರುಗಿಸಿದರೆ ಟಕ್ಕೆಂದು ಬರುವುದು. ನಮ್ಮಪ್ಪ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ.

ಆಮೇಲೆ ಬಲಗಡೆಯದು. ನೀವು ಮುಚ್ಚಿದ ಮೇಲೆ ಅದನ್ನು ಯಾರೂ ಬಿಚ್ಚಿರಲಿಲ್ಲ. ಮುಚ್ಚಳ ಕಿತ್ತರೆ ಒಳಗೆ ಹಲ್ಲೂ ಕಾಣುವುದಿಲ್ಲ, ಬಳೆಯೂ ಕಾಣುವುದಿಲ್ಲ. ಅಂಚಿನವರೆಗೆ ಗ್ರೀಸ್. ಚಳಿಗೆ ಮೇಣದ ಹಾಗೆ ಗಟ್ಟಿಯಾಗಿತ್ತು. ಹೊರಗೆ ಬಿಲ್ಲೆ ತಿರುಗಿಸಿದೆ, ಲಾಕ್ ಎಂಬಲ್ಲಿಗೆ ಸರಿಯಾಗಿ ಬಂದು ನಿಂತಿತು. ಒಳಗೆ ಬಳೆ ಅಲುಗಲಿಲ್ಲ, ಸರಿಯಲು ಗ್ರೀಸ್ ಜಾಗ ಬಿಟ್ಟಿರಲಿಲ್ಲ. ಆಮೇಲೆ ಸೀಮೆಎಣ್ಣೆ ಸ್ಟವ್ ಹತ್ತಿಸಿ ಪಕ್ಕದಲ್ಲಿಟ್ಟೆ. ಗ್ರೀಸ್ ಮೆತ್ತಗಾಗುತ್ತಾ ಬಂದಹಾಗೆ ಬಳೆ ತಾನಾಗಿಯೇ ಸರಿದು ಹೋಗಿ ಕೂತಿತು. ಬೇಸಿಗೆಯೆಲ್ಲ ಯಾಕೆ ಎಳೆಯಿತು, ಆ ಬೆಳಗ್ಗೆ ಯಾಕೆ ಎಳೆಯಲಿಲ್ಲ, ಎರಡಕ್ಕೂ ಉತ್ತರ ನನ್ನ ಕಣ್ಣೆದುರಿಗೇ ಇತ್ತು.

ಸ್ಟವ್ ಹಚ್ಚುವ ಮುಂಚೆ ಇನ್ನೊಂದು ನೋಡಿದೆ. ಕಿತ್ತಿಟ್ಟ ಮುಚ್ಚಳದ ಅಂಚಿನ ಗ್ರೀಸಿನ ಮೇಲೆ ನಿಮ್ಮ ಹೆಬ್ಬೆರಳಿನ ಗುರುತು. ಅಂಚಿನ ಸುತ್ತ ಒತ್ತಿ ಒತ್ತಿ, ಎಲ್ಲೂ ಸಂದು ಉಳಿಯದ ಹಾಗೆ ತುಂಬಿದ್ದೀರಿ. ಗಣಿಯ ಯಂತ್ರಕ್ಕೆ ಸಿಕ್ಕಿ ಆಗಿದ್ದ ನಿಮ್ಮ ಗಾಯದ ಅಡ್ಡಗೆರೆ ಸಮೇತ ಅಚ್ಚಾಗಿ ಉಳಿದಿತ್ತು.

ಈಗ ನಿಜ ಹೇಳುತ್ತೇನೆ. ಮೊದಲು ನನಗೆ ಸಂತೋಷವಾಯಿತು. ಶೆಡ್ಡಿನಲ್ಲಿ ಒಬ್ಬಳೇ ಜೋರಾಗಿ, ನೋಡ್ರೀ, ನೋಡಿ ನಿಮ್ಮ ಕಡೇದು, ಎಂದು ಕಿರುಚಿದೆ. ಆ ಮುಚ್ಚಳವನ್ನು ಹಾಗೇ ಎತ್ತಿಕೊಂಡು ಹೋಗಿ ಅಂಗಡಿಯ ಮುಂದೆ ಇಡಬೇಕು, ನಿಮ್ಮ ಅಕ್ಕನ ಮನೆ ಹೊಸ್ತಿಲ ಮೇಲೆ ಇಡಬೇಕು ಅನ್ನಿಸಿತು. ಆಮೇಲೆ ಆ ಹೆಬ್ಬೆರಳಿನ ಗುರುತಿನ ಮೇಲೆ ನನ್ನ ಬೆರಳಿಟ್ಟೆ. ನೀವು ಶಿಳ್ಳೆ ಹಾಕುತ್ತಾ ಕೂತಿದ್ದು ನೆನಪಾಯಿತು. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅಮ್ಮನಿಗಾಗಿ ಎಂದು ಇಷ್ಟು ಹಾಕಿದಿರಲ್ಲ, ನನ್ನಂತೆ ಜಿಪುಣತನ ಮಾಡಿದ್ದರೆ ಏನಾಗುತ್ತಿತ್ತು ನಿಮಗೆ.

ಒರೆಸಿ, ತೊಳೆದು, ತೆಳ್ಳಗೆ ಸವರಿ ಮುಚ್ಚಿಬಿಡೋಣ, ಯಾರಿಗೂ ಹೇಳುವುದೇ ಬೇಡ ಎಂದೂ ಅನ್ನಿಸಿತು. ಹಾಗೆ ಅನ್ನಿಸಲು ಒಂದು ಕಾರಣವಿದೆ, ಅದನ್ನು ಇಲ್ಲಿ ಬರೆಯಲಾರೆ. ಎರಡು ದಿನ ಮುಚ್ಚಳ ತೆರೆದೇ ಇಟ್ಟಿದ್ದೆ. ಇವತ್ತು ಒರೆಸಿ ಶುದ್ಧ ಮಾಡಿ ಮುಚ್ಚಿದ್ದೇನೆ, ಆಮೇಲೆ ಈ ಕಾಗದ ಹಿಡಿದು ಕೂತಿದ್ದೇನೆ.

ನೀವು ಹೇಳಿದ್ದು ಸುಳ್ಳಲ್ಲ. ನಿಮ್ಮ ಕಡೆ ಹಾಕಿತ್ತು. ನೀವು ತಿರುಗಿಸಿದ್ದೂ ನಿಜ, ಬಿಲ್ಲೆ ಲಾಕಿನಲ್ಲಿದ್ದದ್ದೂ ನಿಜ. ಒಳಗೆ ಮಾತ್ರ ಹಿಡಿಯಲಿಲ್ಲ. ಅದು ಹೊರಗಿನಿಂದ ಯಾರಿಗೂ ಗೊತ್ತಾಗುವಂಥದ್ದಲ್ಲ. ನೀವು ಇದನ್ನು ಓದಿ ಏನು ಮಾಡಿಕೊಳ್ಳುತ್ತೀರೋ ಎಂದು ನನಗೆ ಭಯವಿದೆ. ಗೋದಾಮಿನಲ್ಲಿ ಜೊತೆಗಿರುವ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಮ್ಮನನ್ನು ಕೊಂದವರು ಯಾರೂ ಇಲ್ಲ, ನೀವೂ ಅಲ್ಲ, ನಾನೂ ಅಲ್ಲ. ಇದನ್ನು ನನಗೆ ನಾನೇ ಹೇಳಿಕೊಂಡು ನಂಬಲು ಬಹಳ ದಿನ ಹಿಡಿಯಿತು, ನಿಮಗೂ ಹಿಡಿಯುತ್ತದೆ.

ಗಾಡಿಯನ್ನು ಮಾರುವುದಿಲ್ಲ. ಗಣಿಯ ಲೈನಿನಲ್ಲಿ ಇಬ್ಬರು ಬಸುರಿಯರಿದ್ದಾರೆ, ಚಳಿ ಈಗಷ್ಟೇ ಶುರುವಾಗಿದೆ. ಹಿಂದಿನ ಬ್ರೇಕ್ ಡ್ರಮ್ಮು ಸವೆದಿದೆ, ರೇಡಿಯೇಟರಿನ ಕೆಳಗೆ ಮತ್ತೆ ಒದ್ದೆಯಾಗುತ್ತಿದೆ. ಗೇರ್‌ಬಾಕ್ಸ್ ಮಾತ್ರ ಅತ್ತೆಯ ಮಂಚದ ಕೆಳಗಿನಿಂದ ತೆಗೆದು ಹೊರಗಿಟ್ಟಿದ್ದೇನೆ. ಈಗ ತೆಗೆದು ಏನು ಬಂತು ಎನ್ನುತ್ತೀರಿ, ಗೊತ್ತು.

ನೀವು ಬರಬೇಕು ಎಂದು ಕೇಳುತ್ತಿಲ್ಲ. ಬಂದರೆ ಬಾಗಿಲು ಹಾಕುವವಳೂ ಅಲ್ಲ.

ಇಂತಿ,
ಎಡಗಡೆಯವಳು

ತಾ.ಕ.: ಅಂಟಿಸಿದ್ದ ಲಕೋಟೆಯನ್ನು ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಆ ದಿನ ನೀವು ಟ್ರ್ಯಾಕ್ಟರ್ ತರಲು ಹೋದಾಗ ಅತ್ತೆ ನನ್ನ ಜೊತೆ ಮಾತಾಡಿದರು. ತಿಂಗಳುಗಟ್ಟಲೆ ಆದಮೇಲೆ ಆಡಿದ ಮೊದಲ ಮಾತು, ಆಮೇಲೆ ಅವರು ಯಾರೊಂದಿಗೂ ಆಡಲಿಲ್ಲ. ಉಸಿರು ಎಳೆದೆಳೆದು ಹೇಳಿದರು: “ನೀನು ತಿರುಗಿಸಿದ್ದನ್ನ ಕಿಟಕಿಯಿಂದ ನೋಡಿದೀನಿ ಕಣೇ. ಅವನ ಕಡೇದೇ ಏನೋ ಕೈಕೊಟ್ಟಿದೆ. ನನಗೇನಾದ್ರೂ ಆದ್ರೆ ಇದನ್ನ ಅವನಿಗೆ ಹೇಳಬೇಡ, ಅವನು ತಡ್ಕೊಳ್ಳಲ್ಲ. ನಿನ್ನ ಮೇಲೇ ಹಾಕ್ಕೊಂಡುಬಿಡು. ನೀನು ಗಟ್ಟಿ.” ನಾನು ಅವರ ಕಾಲು ಉಜ್ಜುತ್ತಲೇ ಇದ್ದೆ. ಅವರು ನನ್ನ ಕೈ ಹಿಡಿದು “ಆಯ್ತಾ?” ಎಂದರು. “ಆಯ್ತು” ಎಂದೆ. ಅವರು ನನ್ನಲ್ಲಿ ಕೇಳಿದ್ದು ಅದೊಂದೇ. ಒಂದು ವರ್ಷ ಒಬ್ಬಳೇ ಹೊತ್ತೆ, ಇನ್ನು ನನ್ನ ಕೈಲಾಗುವುದಿಲ್ಲ. ಇನ್ನೊಂದು ಕಡೆ ನೀವು ಹಿಡಿಯಿರಿ.